ನನ್ನ ಬೆನ್ನುಮೂಳೆ ಚೆನ್ನಾಗಿದೆ

"ಅಣ್ಣನಿಗೆ ಸ್ಟೆಮ್ ಸೆಲ್ ಕೊಟ್ಟೆಯಂತೆ, ನಿನ್ನ ಬೆನ್ನುಮೂಳೆ ಗತಿ ಏನು?" ಸಿಕ್ಕವರೆಲ್ಲ ಇದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ.

ಬೆನ್ನುಮೂಳೆಯನ್ನು ಯಾರೂ ಮುಟ್ಟಲಿಲ್ಲ. 4-5 ದಿನ ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಡುತ್ತಾರೆ. ಮೂಳೆಯೊಳಗಿನ ಮಜ್ಜೆಯಲ್ಲಿರುವ, ರಕ್ತ ತಯಾರಿಸುವ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಇಳಿಯುತ್ತವೆ. ಆಮೇಲೆ ಒಂದು ತೋಳಿನ ರಕ್ತ ಮಷೀನಿಗೆ ಹೋಗುತ್ತದೆ. ಬೇಕಾದ ಸೆಲ್‌ಗಳನ್ನು ಅದು ಇಟ್ಟುಕೊಂಡು ಉಳಿದದ್ದನ್ನು ಇನ್ನೊಂದು ತೋಳಿಗೆ ಬಿಡುತ್ತದೆ. 4-5 ಗಂಟೆಯ ಕೆಲಸ. ಮೈಕೈ ನೋವು ಇತ್ತು, ಪ್ಯಾರಾಸಿಟಮಾಲ್ ನುಂಗಿದೆ. ಕೆಲವರಿಗೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ. ಆಗಲೂ ಬೆನ್ನುಮೂಳೆ ತಂಟೆಗೆ ಹೋಗಲ್ಲ.

ಹೊರಗೆ ಊಟ ಮಾಡಬಹುದು ಅಂತ ಡಾಕ್ಟರು ಒಪ್ಪಿದ ಮೇಲೆ ಅಣ್ಣ ಬಂದ ಮೊದಲ ಮದುವೆ ಅದು. ಪಂಕ್ತಿಯಲ್ಲಿ ಸೋದರತ್ತೆ ಅಮ್ಮನಿಗೆ ಹೇಳಿದರು: "ಹೆಣ್ಣುಮಗು ಮೈಯಿಂದ ಯಾಕೆ ತೆಗೆಸಿದ್ರಿ? ನಾಳೆ ಮಕ್ಕಳಾಗ್ಬೇಕಲ್ವಾ?" ಎರಡು ಎಲೆ ಆಚೆ ಅಣ್ಣ ಹೋಳಿಗೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. "ಅತ್ತೆ, ನಂಗೇನೂ ಆಗಿಲ್ಲ. ಅವನು ಹೇಗಿದ್ದಾನೆ ಅಂತ ಕೇಳಿ" ಅಂದೆ, ಸ್ವಲ್ಪ ಜೋರಾಗಿಯೇ. ಅತ್ತೆ ಪಾಯಸ ಹಾಕಿಸಿಕೊಂಡರು.

ಅವರು ಕೇಳಲಿಲ್ಲ, ನಾನೇ ಹೇಳುತ್ತೇನೆ. ಅವನಿಗೆ ಬಂದದ್ದು ಮೈಲೋಫೈಬ್ರೋಸಿಸ್, ಅಪರೂಪದ ರಕ್ತದ ಕ್ಯಾನ್ಸರ್. ಮಜ್ಜೆ ನಾರುಗಟ್ಟುತ್ತದೆ. ರಕ್ತ ತಯಾರಿಸುವ ಕೆಲಸ ಗುಲ್ಮದ ಮೇಲೆ ಬಿದ್ದು ಅದು ಊದಿಕೊಳ್ಳುತ್ತದೆ. ನಾಲ್ಕು ತುತ್ತಿಗೇ ಅವನಿಗೆ ಹೊಟ್ಟೆ ತುಂಬಿಬಿಡುತ್ತಿತ್ತು. ರುಕ್ಸೊಲಿಟಿನಿಬ್ ಮಾತ್ರೆಯಿಂದ ಊತ ಇಳಿಯಿತು. ಆದರೆ ರೋಗವನ್ನು ಬುಡಸಮೇತ ಕೀಳಬೇಕಾದರೆ ಇವತ್ತಿಗೂ ಬೇರೆಯವರ ಸ್ಟೆಮ್ ಸೆಲ್ ಕಸಿ ಒಂದೇ ದಾರಿ. ಅದಕ್ಕೆ ಇಬ್ಬರ ಎಚ್‌ಎಲ್‌ಎ, ಅಂದರೆ ಸೆಲ್‌ಗಳ ಮೇಲಿನ ಗುರುತು, ಹೊಂದಬೇಕು; ಒಡಹುಟ್ಟಿದ ಒಬ್ಬರ ಜೊತೆ ಅದು ಪೂರ್ತಿ ಹೊಂದುವ ಸಾಧ್ಯತೆ ಶೇ. 25. ನಮ್ಮದು ಹೊಂದಿತು.

ಕೀಮೋ ಕೊಟ್ಟು ಅವನ ಹಳೆಯ ಮಜ್ಜೆಯನ್ನು ಖಾಲಿ ಮಾಡಿದರು. ನನ್ನ ಸೆಲ್‌ಗಳ ಚೀಲವನ್ನು ಡ್ರಿಪ್ ಥರ ನೇತುಹಾಕಿದರು. ಆಪರೇಷನ್ ಏನೂ ಇಲ್ಲ. ಕಷ್ಟ ಶುರುವಾದದ್ದು ಆಮೇಲೆ. ಉಳಿದ ಕ್ಯಾನ್ಸರ್ ಸೆಲ್‌ಗಳನ್ನು ಹುಡುಕಿ ಕೊಲ್ಲಬೇಕಾದ ನನ್ನ ಸೆಲ್‌ಗಳೇ ಅವನ ಚರ್ಮದ ಮೇಲೂ ತಿರುಗಿಬಿದ್ದವು. ಜಿವಿಎಚ್‌ಡಿ ಅನ್ನುತ್ತಾರೆ. ಕೆಲವರಿಗೆ ಕರುಳು, ಲಿವರಿಗೂ ಬರುತ್ತದೆ. ಅಂಗೈ, ಅಂಗಾಲು ಕೆಂಪಗಾಗಿ ಅವನು ರಾತ್ರಿಯೆಲ್ಲ ಒದ್ದಾಡುವಾಗ, ಇದು ನನ್ನಿಂದ ಹೋದದ್ದು ಅಂತ ಪಕ್ಕದಲ್ಲಿ ಕೂತಿದ್ದೆ. ನನಗೆ ನೋವಾದದ್ದು ಆಗ. ಅದನ್ನು ಇದುವರೆಗೆ ಯಾರೂ ಕೇಳಿಲ್ಲ.

ಈಗ ಅವನ ಬ್ಲಡ್ ಗ್ರೂಪ್ ನನ್ನದೇ ಆಗಿದೆ. ಹಳೆಯ ಮಜ್ಜೆಯ ಜೊತೆ ಲಸಿಕೆಯ ರಕ್ಷಣೆಯೂ ಹೋದದ್ದರಿಂದ ಚಿಕ್ಕಂದಿನ ಲಸಿಕೆಗಳನ್ನು ಮತ್ತೆ ಹಾಕಿಸಿಕೊಳ್ಳುತ್ತಿದ್ದಾನೆ. ಅವನಿಗೇ ಫೋನ್ ಮಾಡಿ ಮಾತಾಡಿಸಿ, ಎತ್ತುತ್ತಾನೆ. ಶೀತ, ಕೆಮ್ಮು ಇದ್ದರೆ ಮಾತ್ರ ದಯವಿಟ್ಟು ಮನೆಗೆ ಬರಬೇಡಿ.