ಹಳೆಯ ಜೀವ

ಇಂದು ಸಂಜೆ ಪಕ್ಕದ ಮನೆಯಿಂದ ಹೊರಡುವಾಗ, ಅವರ ನಾಲ್ಕು ವರ್ಷದ ಮೊಮ್ಮಗಳು ಯಾರೂ ಹೇಳದೆಯೇ ನನ್ನ ಚಪ್ಪಲಿಗಳನ್ನು ಬೀದಿಯ ಕಡೆಗೆ ಮುಖ ಮಾಡಿ ಜೋಡಿಸಿಟ್ಟಿದ್ದಳು. ಎಡ ಬಲ ಅದಲುಬದಲಾಗಿದ್ದವು, ಅದು ಬೇರೆ ಮಾತು. ಅವಳ ಅಜ್ಜಿ ನಗುತ್ತಾ, "ಇದು ಹಳೆಯ ಜೀವ ಕಣಮ್ಮಾ" ಎಂದರು.

ಆತ್ಮಕ್ಕೂ ವಯಸ್ಸುಂಟೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ 'ಮೈಕೆಲ್ ಬೋಧನೆಗಳು' ಎಂಬ ನಂಬಿಕೆಯು ಆತ್ಮಕ್ಕೆ ಶಿಶು, ಬಾಲ, ಯುವ, ಪ್ರೌಢ, ವೃದ್ಧ ಎಂಬ ಐದು ಅವಸ್ಥೆಗಳನ್ನೂ, ಒಂದೊಂದರಲ್ಲಿ ಏಳೇಳು ಹಂತಗಳನ್ನೂ ಹೇಳುತ್ತದೆ. ಒಟ್ಟು 35 ಮೆಟ್ಟಿಲು. ಶಾಲೆಯ ತರಗತಿಗಳಂತೆ ಕಾಣುವ ಈ ಲೆಕ್ಕ ನನಗೇಕೋ ಒಗ್ಗುವುದಿಲ್ಲ, ಏಕೆಂದರೆ ಇದನ್ನು ಓದಿದವರೆಲ್ಲ ತಮ್ಮನ್ನು ವೃದ್ಧರ ಸಾಲಿನಲ್ಲಿ ಕೂರಿಸಿಕೊಂಡು, ಜಗಳವಾಡಿದ ನೆಂಟರನ್ನು ಶಿಶುಗಳ ಸಾಲಿಗೆ ತಳ್ಳಿಬಿಡುವ ಅಪಾಯವಿದೆ. (ನಾನೂ ತಳ್ಳಿದ್ದೇನೆ.)

ಗೀತೆಯ ಎರಡನೆಯ ಅಧ್ಯಾಯ ಆತ್ಮವನ್ನು ಅಜ (ಹುಟ್ಟಿಲ್ಲದ್ದು), ನಿತ್ಯ, ಶಾಶ್ವತ, ಪುರಾಣ (ಪುರಾತನ) ಎಂದು ಕರೆಯುತ್ತದೆ. ಹಾಗಾದರೆ ಎಲ್ಲ ಆತ್ಮಗಳೂ ಸಮವಾಗಿ ಹಳೆಯವೇ. ನಮ್ಮ ಶರಣರು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು ಹೇಳಿದಾಗಲೂ ಅವು ಆತ್ಮದ ವಯಸ್ಸಲ್ಲ, ಸಾಧಕನ ನಡಿಗೆ. ಆ ಷಟ್‌ಸ್ಥಲವನ್ನು ವಿವರಿಸಿದ ಚೆನ್ನಬಸವಣ್ಣನಾದರೋ ಅವರ ನಡುವೆ ಕಿರಿಯನು.

ಅಂದಹಾಗೆ, ಅದಲುಬದಲಾದ ಆ ಚಪ್ಪಲಿಗಳನ್ನು ಅವಳ ಎದುರಿಗೆ ಸರಿಪಡಿಸಲು ಮನಸ್ಸಾಗದೆ, ಗೇಟು ದಾಟುವವರೆಗೂ ಹಾಗೆಯೇ ಮೆಟ್ಟಿಕೊಂಡು ನಡೆದೆ.