ಡಬ್ಬಿಯಲ್ಲಿ ಚಿನ್ನ ಉಳಿಯಲಿಲ್ಲ

ಹಾವೇರಿಯಿಂದ ಹೊರಟಿದ್ದು ಆಗುಂಬೆಯ ಸೂರ್ಯಾಸ್ತ ನೋಡೋಕೆ. ಎರಡು ದಿನ ಬರೀ ಮಳೆ, ಮೋಡ. ಸೂರ್ಯನ ಪತ್ತೆಯೇ ಇಲ್ಲ. ಆ ಕಥೆ ಬಿಡಿ.

ಹೋಗುವಾಗ ಶಿಕಾರಿಪುರದ ಹತ್ತಿರ ಚಹಾಕ್ಕೆ ನಿಂತಿದ್ದೆ. ಎದುರಿನ ಜಾಲಿ ಮರದಲ್ಲಿ ಜೀರ್ಜಿಂಬೆ! ಸುಮಾರು ಹೆಬ್ಬೆರಳಿನಷ್ಟು ದಪ್ಪ, ಮಿರಮಿರ ಹಸಿರು ದುಂಬಿ. ಚಿಕ್ಕಂದಿನಲ್ಲಿ ಇದಕ್ಕೆ ದಾರ ಕಟ್ಟಿ ಹಾರಿಸಿದ್ದು, ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ಸಾಕಿದ್ದು, ಅದು ಮೊಟ್ಟೆ ಇಟ್ಟ ದಿನ ಶಾಲೆಯಲ್ಲಿ ಎಲ್ಲರಿಗೂ ತೋರಿಸಿ ಮೆರೆದಿದ್ದು, ಎಲ್ಲಾ ನೆನಪಾಯಿತು. ಮರದ ಬುಡದಲ್ಲಿ ಸತ್ತ ಒಂದರ ರೆಕ್ಕೆ ಬಿದ್ದಿತ್ತು. ಪರ್ಸಿಗೆ ಹಾಕಿಕೊಂಡೆ.

ತೀರ್ಥಹಳ್ಳಿ ಹತ್ತಿರ ದೊಡ್ಡಮ್ಮನ ಮನೆ. ಹಿತ್ತಲಿನ ಗೆಣಸಿನ ಬಳ್ಳಿಯಲ್ಲಿ ಏನೋ ಫಳಕ್ ಅಂದಿತು. ಬಗ್ಗಿ ನೋಡಿದರೆ ಬೇಳೆಕಾಳಿಗಿಂತ ಸ್ವಲ್ಪ ದೊಡ್ಡ ಹುಳ. ಬೆನ್ನು ಅಪ್ಪಟ ಚಿನ್ನ, ಸುತ್ತ ಗಾಜಿನಂಥ ಅಂಚು, ಥೇಟ್ ಪುಟಾಣಿ ಆಮೆ. ಬೆರಳು ತಾಗಿಸಿದರೆ ಕಾಲು ಒಳಗೆಳೆದುಕೊಂಡು ಎಲೆಗೆ ಅಂಟಿಕೊಂಡಿತು.

"ದೊಡ್ಡಮ್ಮ, ಇದೆಂಥದು?"

"ಎಂಥದೋ ದರಿದ್ರ ಹುಳ. ಎಲೆಯೆಲ್ಲ ಜರಡಿ ಮಾಡ್ತದೆ ಮಾರಾಯ."

"ಚಿನ್ನದ ಹಾಗಿದೆ!"

"ಹಂಗಾದ್ರೆ ಹಿಡ್ಕೊಂಡು ಹೋಗು. ನನ್ನ ಗೆಣಸಾದ್ರೂ ಉಳೀಲಿ."

ಎಲೆಯ ಅಡಿಯಲ್ಲಿ ಅದರ ಮರಿಗಳು. ತಮ್ಮದೇ ಹಿಕ್ಕೆ, ಕಳಚಿದ ಹಳೇ ಚರ್ಮ ಎಲ್ಲಾ ಬಾಲದ ಮೇಲೆ ಗುಡ್ಡೆ ಹಾಕಿ ಕೊಡೆಯ ಹಾಗೆ ಹಿಡಿದಿದ್ದವು. ಇರುವೆ ಹತ್ತಿರ ಬಂದರೆ ಆ ಕಸವನ್ನೇ ಅದರ ಕಡೆ ತಿರುಗಿಸುತ್ತವೆ. ದೊಡ್ಡಮ್ಮನಿಗೂ ತೋರಿಸಿದೆ. "ಅಂಗಳದ ಕಸಾನ ಯಾರಾದ್ರೂ ಬೆನ್ನ ಮೇಲೆ ಹೊರ್ತಾರಾ?" ಅಂತ ನಕ್ಕರು. ಜೀರ್ಜಿಂಬೆ ಮರಿಗೆ ಈ ರಗಳೆ ಇಲ್ಲ. ಅದು ಮಣ್ಣೊಳಗೆ ಬೇರು ತಿನ್ನುತ್ತಾ ಯಾರ ಕಣ್ಣಿಗೂ ಬೀಳದೆ ಬೆಳೆದು, ಮಳೆ ಬಿದ್ದ ಮೇಲೆ ಮೇಲೆದ್ದು ಬರುತ್ತದೆ. ಹೊರಗಿನ ಬಾಳು ಕೆಲವೇ ವಾರ.

ಕೂತು ನೋಡುತ್ತಿದ್ದ ಅರ್ಧ ಗಂಟೆಯಲ್ಲಿ ಮೂರು ಉಂಬಳ (ಜಿಗಣೆ) ಕಾಲಿಗೆ ಹತ್ತಿದ್ದವು. ಹಿತ್ತಲಿಗೇ ಹೋದರೂ ಕಾಲಿಗೆ ಸುಣ್ಣ ಹಚ್ಚಿಕೊಂಡು ಹೋಗಿ.

ನಾನು ಮಾಡಿದ ದಡ್ಡತನ ಅಂದ್ರೆ, ಮಗಳಿಗೆ ತೋರಿಸೋಣ ಅಂತ ಚಿನ್ನದ ಹುಳವನ್ನು ಡಬ್ಬಿಗೆ ಹಾಕಿದ್ದು. ಮನೆಗೆ ಬಂದು ತೆಗೆದರೆ ಸತ್ತಿತ್ತು. ಚಿನ್ನ ಎಲ್ಲಿ? ಒಣಗಿದ ಕಂದು ಸಿಪ್ಪೆ. ಅದರ ಬಣ್ಣ ಚಿಪ್ಪಿನ ತೆಳು ಪದರಗಳ ನಡುವಿನ ತೇವದಿಂದ ಬರುವಂಥದ್ದು. ಜೀವ ಹೋಗಿ ತೇವ ಆರಿದರೆ ಮುಗೀತು. ಜೀರ್ಜಿಂಬೆಯ ಹಸಿರು ಹಾಗಲ್ಲ, ಅದು ರೆಕ್ಕೆಯ ಗಟ್ಟಿ ಪದರಗಳ ಜೋಡಣೆಯಲ್ಲೇ ಇದೆ. ಹಿಂದೆ ಇಂಥ ರೆಕ್ಕೆಗಳನ್ನೇ ಬಟ್ಟೆಗೆ ಹೊಲಿದು ಕಸೂತಿ ಮಾಡುತ್ತಿದ್ದರು. ನೋಡಬೇಕಾದರೆ ಬಳ್ಳಿಯಲ್ಲೇ ನೋಡಿ, ಅಲ್ಲೇ ಫೋಟೋ ತೆಗೆದುಬಿಡಿ.

ಮಗಳಿಗೆ ಕೊನೆಗೆ ಪರ್ಸಿನ ರೆಕ್ಕೆ ಕೊಟ್ಟೆ. ರಾತ್ರಿ ದೊಡ್ಡಮ್ಮನ ಫೋನು: "ಚಿನ್ನ ಎಂಥಾಯ್ತು?" ಹೇಳಿದೆ. "ಅಯ್ಯೋ, ಇಲ್ಲಿ ಇನ್ನೂ ರಾಶಿ ಉಂಟು. ಅವಳನ್ನೇ ಕರ್ಕೊಂಡು ಬಾ."