‘ಬರೀ ಮಾತಾಡಿದ್ರೆ ಸರಿ ಹೋಗುತ್ತಾ ಮೇಡಂ?’

ನಾನು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಗೊತ್ತಾದರೆ ಸಾಕು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರೂ ಇದನ್ನು ಕೇಳಿಯೇ ಕೇಳುತ್ತಾರೆ. “ಅಲ್ಲಾ ಮೇಡಂ, ಬರೀ ಮಾತಾಡಿದ್ರೆ ಎಲ್ಲಾ ಸರಿ ಹೋಗುತ್ತಾ? ಹಾಗಿದ್ರೆ ಫ್ರೆಂಡ್ಸ್ ಹತ್ರಾನೇ ಮಾತಾಡಬಹುದಲ್ವಾ? ದುಡ್ಡಾದ್ರೂ ಉಳಿಯುತ್ತೆ.” ಕೇಳುವವರದ್ದೇನೂ ತಪ್ಪಿಲ್ಲ. ಸಿನಿಮಾದಲ್ಲಿ ತೋರಿಸುವುದೇ ಹಾಗೆ. ಒಬ್ಬರು ಸೋಫಾದ ಮೇಲೆ ಕೂತು ಅಳುತ್ತಾರೆ, ಇನ್ನೊಬ್ಬರು ತಲೆ ಆಡಿಸುತ್ತಾ ಬರೆದುಕೊಳ್ಳುತ್ತಾರೆ.

ನನ್ನ ಉತ್ತರ: ಇಲ್ಲ, ಬರೀ ಮಾತಾಡಿದರೆ ಎಷ್ಟೋ ತೊಂದರೆಗಳು ಸರಿ ಹೋಗುವುದಿಲ್ಲ. ಥೆರಪಿಯಲ್ಲಿ ಮಾತಿರುತ್ತದೆ ನಿಜ. ಆದರೆ ಹೆಚ್ಚಿನ ಥೆರಪಿಗಳಲ್ಲಿ ಏನಾದರೂ ಮಾಡಿಸುತ್ತಾರೆ, ಮತ್ತು ಏನು ಮಾಡಿಸುತ್ತಾರೆ ಅನ್ನುವುದು ತೊಂದರೆ ಯಾವುದು ಅನ್ನುವುದರ ಮೇಲಿದೆ.

ಓಸಿಡಿಯನ್ನೇ ತಗೊಳ್ಳಿ, ಗೀಳು ಕಾಯಿಲೆ. ಬಸ್ಸಲ್ಲಿ ಯಾರೋ ತಾಗಿದರು ಅಂತ ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳುವುದು, ಹಾಲಿನ ಪ್ಯಾಕೆಟ್ಟಿಗೂ ಸೋಪು ಹಚ್ಚುವುದು, ಚರ್ಮ ಬಿರಿಯುವವರೆಗೆ ಕೈ ತೊಳೆಯುವುದು. ಎಷ್ಟೋ ಮನೆಗಳಲ್ಲಿ ಇದನ್ನು ವರ್ಷಗಟ್ಟಲೆ ‘ಮಡಿ ಜಾಸ್ತಿ’ ಅಂದುಕೊಂಡೇ ಇರುತ್ತಾರೆ. ಆದರೆ ಅಜ್ಜಿಯ ಮಡಿಗೆ ಒಂದು ಕೊನೆ ಇದೆ. ಪೂಜೆ, ಊಟ ಮುಗಿಯಿತು ಅಂದರೆ ಮಡಿಯೂ ಮುಗಿಯಿತು. ಗೀಳಿಗೆ ಆ ಕೊನೆಯೇ ಸಿಗುವುದಿಲ್ಲ.

ಇದಕ್ಕೆ ಮಾಡುವ ಥೆರಪಿಯ ಹೆಸರು ಇಆರ್‌ಪಿ, ಅಂದರೆ ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಶನ್. ಭಯ ಹುಟ್ಟಿಸುವುದನ್ನು ಬೇಕಂತಲೇ ಮುಟ್ಟಬೇಕು, ಮುಟ್ಟಿದ ಮೇಲೆ ತೊಳೆಯಬಾರದು. ಮೊದಲು ಇಬ್ಬರೂ ಕೂತು ಪಟ್ಟಿ ಮಾಡುತ್ತೇವೆ, ಸೊನ್ನೆಯಿಂದ ನೂರರವರೆಗೆ ಅಂಕ ಕೊಟ್ಟು. ಸ್ವಂತ ಚಪ್ಪಲಿಗೆ 30, ಲಿಫ್ಟಿನ ಬಟನ್ನಿಗೆ 45, ಬಸ್ ಸ್ಟ್ಯಾಂಡಿನ ಟಾಯ್ಲೆಟ್ಟಿನ ಚಿಲಕಕ್ಕೆ 95, ಹೀಗೆ. ಕೆಳಗಿನಿಂದ ಶುರು. ಬಟನ್ನನ್ನು ಮೊದಲು ನಾನು ಮುಟ್ಟುತ್ತೇನೆ, ಆಮೇಲೆ ಅವರು. ಮುಟ್ಟಿ ಬಂದು ಕೂರುತ್ತೇವೆ. “ಕೈ ಭಾರ ಅನ್ನಿಸ್ತಿದೆ ಮೇಡಂ, ಒಂದೇ ಸಲ ತೊಳ್ಕೊಂಡು ಬರ್ಲಾ?” ಇಲ್ಲ. ಆತಂಕ 45 ಅಂತ ಬರೆದಿದ್ದು 70ಕ್ಕೆ ಏರುತ್ತದೆ, ಬೆವರು ಬರುತ್ತದೆ, ಒಂದಿಷ್ಟು ಹೊತ್ತು ನನ್ನ ಮೇಲೂ ಸಿಟ್ಟು ಬರುತ್ತದೆ. ಸುಮಾರು ಸಲ ಮುಕ್ಕಾಲು ಗಂಟೆಯೊಳಗೆ, ಒಂದು ಹನಿ ನೀರೂ ಮುಟ್ಟದೆ, ಅದು ತಾನಾಗಿಯೇ ಇಳಿಯುವುದಕ್ಕೆ ಶುರುವಾಗುತ್ತದೆ. ಇಳಿಯದಿದ್ದರೂ ಚಿಂತೆಯಿಲ್ಲ, ತೊಳೆಯದೆ ಇರಲು ಆಯಿತು ಅನ್ನುವುದೇ ಒಂದು ಪಾಠ. ಮಾರನೇ ವಾರ ಅದೇ ಕೈಯನ್ನು ದಿಂಬಿಗೆ ಒರೆಸುವ ಹೋಮ್‌ವರ್ಕ್.

ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಸೈಕಾಲಜಿಸ್ಟ್ ವಿಕ್ಟರ್ ಮೇಯರ್ 1966ರಲ್ಲಿ ಈ ದಾರಿಯ ಬಗ್ಗೆ ಮೊದಲು ಬರೆದಾಗ, ರೋಗಿ ತೊಳೆಯದಂತೆ ಕೋಣೆಯ ನಲ್ಲಿಯ ನೀರನ್ನೇ ನಿಲ್ಲಿಸಿದ್ದರು, ಕಾವಲಿಗೆ ನರ್ಸ್ ಬೇರೆ. ಈಗ ಹಾಗೆ ಬಲವಂತ ಮಾಡುವುದಿಲ್ಲ. ಅವರೇ ಒಪ್ಪಿ ಮಾಡಬೇಕು.

ಇಲ್ಲೇ ನಿಮ್ಮ ಫ್ರೆಂಡಿನ ವಿಷಯ ಬರುತ್ತದೆ. ಓಸಿಡಿ ಇರುವವರು “ನನಗೇನೂ ಆಗಲ್ಲ ಅಲ್ವಾ?” ಅಂತ ದಿನಕ್ಕೆ ಎಷ್ಟೋ ಸಲ ಕೇಳುತ್ತಾರೆ. ಪ್ರೀತಿ ಇರುವ ಗೆಳೆಯ, ಗಂಡ, ಅಮ್ಮ ಏನು ಹೇಳುತ್ತಾರೆ? “ಏನೂ ಆಗಲ್ಲ ಬಿಡು.” ಆ ಕ್ಷಣಕ್ಕೆ ಸಮಾಧಾನ, ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಆ ಸಮಾಧಾನವೇ ಕಾಯಿಲೆಗೆ ಅನ್ನ. ಹಾಗಾಗಿ ಮನೆಯವರಿಗೂ ಹೋಮ್‌ವರ್ಕ್ ಇದೆ: “ಇದಕ್ಕೆ ಉತ್ತರ ಕೊಡಲ್ಲ ಅಂತ ಮಾತಾಗಿತ್ತಲ್ವಾ” ಅಂತ ಹೇಳಿ ಸುಮ್ಮನಾಗುವುದು. ಅಮ್ಮಂದಿರಿಗೆ ಇದು ತುಂಬಾ ಕಷ್ಟ. ಮಕ್ಕಳಿಗಿಂತ ಜಾಸ್ತಿ ಅವರೇ ಒದ್ದಾಡುವುದನ್ನು ನೋಡಿದ್ದೇನೆ.

ಪ್ಯಾನಿಕ್‌ನಲ್ಲೂ ಇಂಥದ್ದೇ. ಎದೆ ಹೊಡೆದುಕೊಂಡು ಹಾರ್ಟ್ ಅಟ್ಯಾಕೇ ಅಂತ ಎಮರ್ಜೆನ್ಸಿಗೆ ಓಡಿರುತ್ತಾರೆ, ಇಸಿಜಿ ನಾರ್ಮಲ್. ಎಲ್ಲರೂ “ರಿಲ್ಯಾಕ್ಸ್ ಆಗು” ಅನ್ನುತ್ತಾರೆ. ನಾವು ಉಲ್ಟಾ. ಡಾಕ್ಟರ್ ಹತ್ತಿರ ಹೃದಯ, ಉಸಿರಾಟ ಎಲ್ಲ ಸರಿ ಇದೆ ಅಂತ ಖಾತ್ರಿಯಾದ ಮೇಲೆ, ತಿರುಗುವ ಕುರ್ಚಿಯಲ್ಲಿ ಗಿರಗಿರ ತಿರುಗಿಸುತ್ತೇವೆ, ಸಣ್ಣ ಸ್ಟ್ರಾದಲ್ಲಿ ಉಸಿರಾಡಿಸುತ್ತೇವೆ. ತಲೆ ಸುತ್ತುವುದು, ಎದೆ ಬಡಿತ ಎಲ್ಲ ಬರುತ್ತದೆ, ಹೋಗುತ್ತದೆ, ಪ್ರಾಣ ಹೋಗುವುದಿಲ್ಲ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಮೈ ನಂಬುವುದಿಲ್ಲ.

ಡಿಪ್ರೆಶನ್ನಿಗೆ ಹೆಚ್ಚು ಹೆಸರಾದದ್ದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ. ಇದಕ್ಕೆ ಅಡಿಪಾಯ ಹಾಕಿದ ಅಮೆರಿಕದ ಸೈಕಿಯಾಟ್ರಿಸ್ಟ್ ಆರನ್ ಬೆಕ್ ಮೊದಲು ಫ್ರಾಯ್ಡ್‌ರ ಮನೋವಿಶ್ಲೇಷಣೆಯ ದಾರಿಯಲ್ಲೇ ಕಲಿತವರು. 1960ರ ದಶಕದಲ್ಲಿ ಅವರು ಗಮನಿಸಿದ್ದು, ರೋಗಿಗಳ ತಲೆಯಲ್ಲಿ ‘ನಾನು ಯಾತಕ್ಕೂ ಬೇಡ’ ಅನ್ನುವಂಥ ಯೋಚನೆಗಳು ತಾವಾಗಿಯೇ ಓಡುತ್ತಿರುತ್ತವೆ, ಅವರು ಅದನ್ನು ಪರೀಕ್ಷೆ ಮಾಡದೆ ನಿಜ ಅಂದುಕೊಂಡಿರುತ್ತಾರೆ ಅನ್ನುವುದನ್ನು. ಆ ಯೋಚನೆ ಬರೆದು, ಅದಕ್ಕೆ ಪುರಾವೆ ಏನು, ವಿರುದ್ಧ ಪುರಾವೆ ಏನು ಅಂತ ನೋಡಿಸುತ್ತೇವೆ. ಇದನ್ನು ‘ಪಾಸಿಟಿವ್ ಥಿಂಕಿಂಗ್’ ಅಂತ ಕರೆದರೆ ನನಗೆ ಮೈ ಉರಿಯುತ್ತದೆ, ಆ ಮಾತು ಬೇರೆ ದಿನ.

ಯೋಚನೆ ಮುಟ್ಟದೆ ಕೆಲಸದಿಂದಲೇ ಶುರು ಮಾಡುವ ದಾರಿಯೂ ಇದೆ. ಮನಸ್ಸು ಬಂದ ಮೇಲೆ ಎದ್ದರಾಯಿತು ಅಂತ ಕಾಯುವುದಲ್ಲ, ಮೊದಲು ಎದ್ದು ಸ್ನಾನ, ಆಮೇಲೆ ಅಂಗಡಿವರೆಗೆ ಒಂದು ನಡಿಗೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆ ಮತ್ತು ಸೈಕಿಯಾಟ್ರಿಸ್ಟ್ ವಿಕ್ರಮ್ ಪಟೇಲ್ ತಂಡ ಇದನ್ನು ಕೊಡಿಸಿದ್ದು ಡಾಕ್ಟರುಗಳಿಂದಲ್ಲ, ತರಬೇತಿ ಕೊಟ್ಟ ಸಾಮಾನ್ಯ ಜನರಿಂದ. ಆರರಿಂದ ಎಂಟು ಭೇಟಿ, ಅಷ್ಟೇ. ಬರೀ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಇದೂ ಸೇರಿ ಪಡೆದವರು ಹೆಚ್ಚು ಚೇತರಿಸಿಕೊಂಡರು ಅಂತ 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ದೊಡ್ಡ ಡಿಗ್ರಿಯ ನಮ್ಮಂಥವರಿಗೆ ಸ್ವಲ್ಪ ಮುಜುಗರದ ಸುದ್ದಿಯೇ ಅದು.

ಇನ್ನು ಡಿಬಿಟಿ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ಅಮೆರಿಕದ ಸೈಕಾಲಜಿಸ್ಟ್ ಮಾರ್ಶಾ ಲೈನ್‌ಹಾನ್ ರೂಪಿಸಿದ್ದು, ಸಿಟ್ಟು ಸಂಕಟ ಒಮ್ಮೆಲೇ ನೆತ್ತಿಗೇರಿ ಕೈ ಕುಯ್ದುಕೊಳ್ಳುವವರಿಗೆ. ಆ ಹೊತ್ತಿಗೆ ಬುದ್ಧಿವಾದ ತಲೆಗೆ ಹೋಗುವುದಿಲ್ಲ. ಅದಕ್ಕೇ ಮುಖಕ್ಕೆ ತಣ್ಣೀರು ಹಿಡಿಯುವಂಥ, ಮೈಯನ್ನು ಮೊದಲು ಶಾಂತ ಮಾಡುವ ಉಪಾಯಗಳನ್ನು ಕಲಿಸುತ್ತಾರೆ. ಅಪಘಾತ, ಅತ್ಯಾಚಾರದಂಥ ಆಘಾತಕ್ಕೆ ಬೇರೆಯೇ ಥೆರಪಿಗಳಿವೆ. ಗಂಡ ಹೆಂಡತಿ, ಅತ್ತೆ ಸೊಸೆ ನಡುವೆ ಸಿಕ್ಕಿಕೊಂಡ ತೊಂದರೆಗೆ ಒಬ್ಬರನ್ನೇ ಕೂರಿಸಿ ಪ್ರಯೋಜನ ಕಡಿಮೆ. ಅಲ್ಲಿ ಫ್ಯಾಮಿಲಿ ಥೆರಪಿ. ಇದರಲ್ಲಿ ನಮ್ಮ ದೇಶ ಹಿಂದೆ ಬಿದ್ದಿಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡಿದ್ದರು.

ಹಾಗಂತ ಸುಮ್ಮನೆ ಕೇಳಿಸಿಕೊಳ್ಳುವುದಕ್ಕೆ ಬೆಲೆಯೇ ಇಲ್ಲವಾ? ಇದೆ. ಹತ್ತಿರದವರು ತೀರಿಕೊಂಡ ದುಃಖಕ್ಕೆ ಎಷ್ಟೋ ಸಲ ಬೇಕಾದ್ದು ಅದೇ. ಅಲ್ಲಿ ಒಳ್ಳೆಯ ಫ್ರೆಂಡ್ ಸಾಕು, ದುಡ್ಡು ಉಳಿಸಿಕೊಳ್ಳಿ. ಇನ್ನೊಂದು ಕಡೆ, ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ದಿನಗಟ್ಟಲೆ ನಿದ್ದೆಯಿಲ್ಲದೆ ವಿಪರೀತ ಹುರುಪಿನಲ್ಲಿದ್ದರೆ, ಮೊದಲು ಸೈಕಿಯಾಟ್ರಿಸ್ಟ್ ಮತ್ತು ಮಾತ್ರೆ. ಥೆರಪಿ ಆಮೇಲೆ.

ಎಲ್ಲಿ ಶುರು ಮಾಡುವುದು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಥೆರಪಿಸ್ಟ್ ಹತ್ತಿರ ಹೋಗುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿದವರಿಗೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇದೆಯಾ ನೋಡಿ. ಮತ್ತೆ ಮೊದಲೆರಡು ಭೇಟಿಯಲ್ಲೇ ಕೇಳಿ: ನನ್ನ ತೊಂದರೆಗೆ ಯಾವ ಥೆರಪಿ ಮಾಡ್ತೀರಿ, ಮನೆಯಲ್ಲಿ ನಾನೇನು ಮಾಡಬೇಕು, ಸರಿ ಹೋಗ್ತಿದೆ ಅಂತ ಹೇಗೆ ಗೊತ್ತಾಗುತ್ತೆ? ಹಾಗೆ ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರೆ ಬೇರೆಯವರ ಹತ್ತಿರ ಹೋಗಿ.